ಯಾರ ಮೊಳದ ಮನೆ

ಬೆಳಿಗ್ಗೆ ಆರಕ್ಕೆ ಅಕ್ಕನ ಗಾಲಿಕುರ್ಚಿ ಹಿತ್ತಲ ಬಾಗಿಲು ದಾಟಬೇಕು. ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ದುಡಿದವಳು ನಾನು, ಓಣಿಗೆಲ್ಲ ‘ಬಾಯಾರು’. ನಿವೃತ್ತಿಯ ನಂತರ ವಾರ್ಡಿನ ಶಿಸ್ತು ಮನೆಗೇ ಬಂದಿದೆ. ಮೊದಲು ಮಾತ್ರೆ, ಆಮೇಲೆ ಚಹಾ, ಆಮೇಲೆ ಓಣಿಯ ಬಿಸಿಲು. ಲಕ್ವ ಹೊಡೆದ ಮೇಲೆ ಅಕ್ಕನ ಎಡಗೈ, ಎಡಗಾಲು ಅವಳ ಮಾತು ಕೇಳುವುದಿಲ್ಲ. ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿದೆ.

ಬೈಲಹೊಂಗಲದ ಹಳೆಯ ಓಣಿಯಲ್ಲಿ ನಮ್ಮ ಮನೆ. ಮುಂಬಾಗಿಲಿಗೆ ಎತ್ತರದ ಕಟ್ಟೆ, ಕಡಿದಾದ ಕಲ್ಲಿನ ಮೆಟ್ಟಿಲು. ಗಾಲಿಕುರ್ಚಿ ಅಲ್ಲಿಂದ ಇಳಿಯದು. ಹಿತ್ತಲಿನಿಂದ ಓಣಿಗೆ ಬರಲು ನಮ್ಮ ಮನೆಗೂ ಪಕ್ಕದ ಮನೆಗೂ ನಡುವಿನ ಸಂದಿಯೊಂದೇ ದಾರಿ. ಸಂದಿಯಲ್ಲಿ ಅರ್ಧ ನಮ್ಮದು, ಅರ್ಧ ಅವರದು. ನಮ್ಮ ಅರ್ಧದಲ್ಲಿ ಬೆಕ್ಕು ಹೋದೀತು, ಕುರ್ಚಿ ಹೋಗದು. ಹೀಗಾಗಿ ಕಳೆದ ವರ್ಷ ಪಕ್ಕದವರು ತಮ್ಮ ಮಣ್ಣಿನ ಮನೆ ಕೆಡವಿದ ದಿನದಿಂದ ನನ್ನ ಕಣ್ಣು ಆ ಸಂದಿಯ ಮೇಲೇ ಇತ್ತು.

ಪಕ್ಕದ ಸಾವಕಾರರು ಮಾರ್ಕೆಟ್ ಯಾರ್ಡಿನಲ್ಲಿ ಕಾಳುಕಡಿಯ ದಲಾಲಿ ಮಾಡುವ ಅಡತಿ ಅಂಗಡಿ ಇಟ್ಟವರು. ಎಷ್ಟೋ ವರ್ಷ ನಮ್ಮತ್ತ ನೋಡಿ ‘ಹೂಂ’ ಎಂದಿದ್ದೇ ಹೆಚ್ಚು. ಮನೆ ಕೆಡವುವ ಮುಂಚೆ ಮಾತ್ರ ಹೆಂಡತಿಯ ಕೈಯಲ್ಲಿ ಹೋಳಿಗೆ ಕಳಿಸಿದರು. ಹಿಂದೆಯೇ ತಾವೂ ಬಂದು ಅಕ್ಕನ ಆರೋಗ್ಯ ವಿಚಾರಿಸಿದರು.

‘ಧೂಳ ಬರತೈತ್ರಿ ಬಾಯಾರ, ಸ್ವಲ್ಪ ಸಂಭಾಳಿಸಿಕೋರಿ’ ಎಂದರು.

ಅವರು ಹೋದ ಮೇಲೆ ಅಕ್ಕ ಹೋಳಿಗೆ ಮುರಿಯುತ್ತ, ‘ತುಪ್ಪಾ ಜಾಸ್ತಿ ಹಾಕ್ಯಾರ. ಏನೋ ಕೇಳಾವ್ರದಾರ’ ಎಂದಳು. ನನಗೂ ಹಾಗೆಯೇ ಅನಿಸಿತ್ತು.

ಕಿತ್ತೂರಿನಿಂದ ಬಂದ ಇಂಜಿನಿಯರ್ ಗೂಟ ಬಡಿದು, ದಾರ ಕಟ್ಟಿ, ಸುಣ್ಣದ ಗೆರೆ ಹಾಕಿಸಿದ. ಹೊಸ ಗೋಡೆ ಬರುವುದು ಆ ದಾರಕ್ಕೆ. ಪ್ರತಿ ಮುಂಜಾನೆ ದಾರ ತಾಗದಂತೆ ಕುರ್ಚಿ ನಡೆಸಿ ನೋಡುವುದನ್ನು ನಾನು ಪದ್ಧತಿ ಮಾಡಿಕೊಂಡೆ. ಕುರ್ಚಿ ಸರಾಗವಾಗಿ ಹೋಗುತ್ತಿತ್ತು. ಆಮೇಲೆ ಸವದತ್ತಿಯ ಕಡೆಯಿಂದ ಆಯ ನೋಡುವ ಹಿರಿಯರೊಬ್ಬರು ಬಂದರು. ನಮ್ಮ ಕಡೆ ಪುರಸಭೆ ಪರವಾನಗಿ ಕೊಟ್ಟರೆ ಸಾಲದು, ಆಯವೂ ಕೂಡಿಬರಬೇಕು. ಯಜಮಾನರ ಮೊಣಕೈಯಿಂದ ಬೆರಳ ತುದಿಯವರೆಗಿನ ಮೊಳದಲ್ಲಿ ಮನೆಯ ಉದ್ದ ಅಗಲ ಅಳೆದು, ಲೆಕ್ಕ ಹಾಕಿ, ಶುಭವೋ ಅಶುಭವೋ ಹೇಳುತ್ತಾರೆ. ಹಿರಿಯರು ಬಂದುಹೋದ ಮರುದಿನ ಸಂದಿಯಲ್ಲಿ ನನ್ನ ಬೆರಳ ಗೆಣ್ಣುಗಳು ನಮ್ಮ ಗೋಡೆಗೆ ಉಜ್ಜಿ ಚರ್ಮ ಸುಲಿಯಿತು.

‘ದಾರ ಸರದೈತಿ’ ಎಂದೆ.

‘ನೀನ ದಪ್ಪ ಆಗಿರಬೇಕ’ ಎಂದಳು ಅಕ್ಕ.

ಗಾರೆ ಕೆಲಸದ ಗೌಂಡಿಯನ್ನು ಕೇಳಿದೆ. ‘ನಮಗೇನ ಗೊತ್ರಿ ಬಾಯಾರ? ಎಲ್ಲಿ ಅಗಿ ಅಂತಾರ, ಅಲ್ಲಿ ಅಗೀತೇವಿ’ ಎಂದವನು ನನ್ನ ಮುಖ ನೋಡಲಿಲ್ಲ. ಚಹಾದ ಕಪ್ಪಿನೊಳಗೆ ನೋಡಿದ.

ಅಂದೇ ಪುರಸಭೆಗೆ ಹೋದೆ. ಅಲ್ಲಿಯ ಸಿಬ್ಬಂದಿ ಕಂಪ್ಯೂಟರಿನಿಂದ ಕತ್ತೆತ್ತದೆ ಉತ್ತರ ಕೊಟ್ಟ.

‘ಪರವಾನಗಿ ಪಕ್ಕಾ ಐತ್ರಿ. ಬಾಜೂಕ ಜಾಗಾ ಬಿಟ್ಟ ಕಟ್ಟಬೇಕು, ನಕ್ಷೆದಾಗ ಐತಿ.’

‘ಬಿಡದಿದ್ರ?’

‘ಕಟ್ಟಿದ ಮ್ಯಾಲ ಬಂದು ನೋಡತೇವ್ರಿ.’

‘ನೋಡಿ?’

‘ನೋಟಿಸ್ ಕೊಡತೇವ್ರಿ.’

‘ಯಾರಿಗೆ? ಸಾವಕಾರ್ರಿಗೇನು?’

‘ಅವರಿಗೆ ಹೆಂಗ ಕೊಡಾಕ ಬರತೈತ್ರಿ? ಜಾಗಾ, ಪರವಾನಗಿ ಎಲ್ಲಾ ಅವರ ಹೆಂಡತಿ ಹೆಸರಿಲೆ ಐತಲ್ಲ.’

ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತನ್ನೇ ಯೋಚಿಸುತ್ತ ಬಂದೆ. ಸಾವಕಾರರದು ಎತ್ತರದ ದೇಹ, ಅದಕ್ಕೆ ತಕ್ಕ ತೋಳು. ಹೆಂಡತಿ ಅವರ ಭುಜಕ್ಕೂ ಬರುವುದಿಲ್ಲ.

ಮರುದಿನ ಬುನಾದಿ ಅಗೆಯಲು ಗುದ್ದಲಿ ಪೂಜೆ. ಹಿರಿಯರು, ಸಾವಕಾರರು, ಅವರ ಹೆಂಡತಿ ಎಲ್ಲರೂ ನೆರೆದಿದ್ದರು. ಅಕ್ಕನ ಕುರ್ಚಿಯನ್ನು ದಾರದ ಮಗ್ಗುಲಿಗೆ ತಂದು ಬ್ರೇಕ್ ಹಾಕಿದೆ.

‘ಅಜ್ಜಾರ, ಆಯ ಯಾರ ಮೊಳದ್ಲೆ ಹಿಡದ್ರಿ?’ ಎಂದು ಹಿರಿಯರನ್ನು ಕೇಳಿದೆ.

‘ಮನಿ ಯಾರದೈತಿ, ಅವರ ಮೊಳದ್ಲೆ.’

‘ಮನಿ ಈ ತಂಗೆವ್ವಂದ ಐತಿ. ಪುರಸಭಾದಾಗ ಕೇಳಿ ಬಂದೇನಿ’ ಎಂದು ಸಾವಕಾರರ ಹೆಂಡತಿಯತ್ತ ಕೈ ತೋರಿಸಿದೆ.

ಹಿರಿಯರು ಸಾವಕಾರರತ್ತ ತಿರುಗಿದರು. ‘ಹೌದೇನ್ರಿ?’

‘ನಂದು ಅಕಿದು ಬ್ಯಾರೆ ಅನ್ನೂದೈತೇನ್ರಿ?’ ಎಂದು ಸಾವಕಾರರು ನಕ್ಕರು.

‘ಸಂಸಾರಕ್ಕ ಬ್ಯಾರೆ ಇಲ್ಲ. ಆಯಕ್ಕ ಬ್ಯಾರೆನ’ ಎಂದರು ಹಿರಿಯರು.

ಅಕ್ಕ ಸುಮ್ಮನಿರಲಿಲ್ಲ. ‘ನಿಮ್ಮ ಕೈ ಉದ್ದ ಅನ್ನೂದು ಯಾರ್ಡಿಗೆಲ್ಲ ಗೊತ್ತೈತ್ರಿ ಸಾವಕಾರ್ರ. ಇವತ್ತ ತಂಗೆವ್ವಂದ ಹಿಡೀರಿ.’

ಕೂಲಿಯವರೂ ನಕ್ಕರು. ಹೆಂಡತಿ ಬಳೆಗಳನ್ನು ಹಿಂದೆ ಸರಿಸಿ ತೋಳು ಚಾಚಿದರು. ಮೊಳಗಳ ಎಣಿಕೆ ಅಷ್ಟೇ ಇಟ್ಟು ಅಳೆದಾಗ ಮನೆ ಕಿರಿದಾಯಿತು. ದಾರ ಇಂಜಿನಿಯರ್ ಹಾಕಿದ ಗೆರೆಗಿಂತಲೂ ಒಳಕ್ಕೆ ಸರಿಯಿತು. ‘ಆತು ಬಿಡ್ರಿ, ನೆರಿಹೊರಿಯವರು ನಾವು’ ಎಂದು ಸಾವಕಾರರು ನನಗೇ ಮೊದಲು ಪ್ರಸಾದ ಕೊಟ್ಟರು.

ಆ ಪ್ರಸಾದವೇ ನನ್ನ ನೆಮ್ಮದಿ ಕೆಡಿಸಿತು. ಮುಖ ಕಿವುಚದೆ ಮಾತ್ರೆ ನುಂಗುವ ರೋಗಿ ಅದನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡಿರುತ್ತಾನೆ ಎಂಬುದನ್ನು ವಾರ್ಡಿನಲ್ಲಿ ಕಲಿತಿದ್ದೆ. ಇಷ್ಟು ಬೇಗ ಸೋತವರ ಬಾಯಿ ತೆರೆಸಿ ನೋಡಬೇಕು. ಮುಂಜಾನೆಯ ತಪಾಸಣೆ ನಿಲ್ಲಿಸಲಿಲ್ಲ. ಬುನಾದಿ ಮುಗಿಯಿತು, ಗೋಡೆ ಸೊಂಟದ ಮಟ್ಟಕ್ಕೆ ಬಂತು, ಎಲ್ಲವೂ ದಾರದೊಳಗೇ ಇತ್ತು. ‘ಇನ್ನ ಸಾಕ ಮಾಡ, ಪೊಲೀಸರ ಹಂಗ ನೋಡಬ್ಯಾಡ’ ಎಂದಳು ಅಕ್ಕ.

ಸಾವಕಾರರ ಹೆಂಡತಿ ತವರಿನ ಕಾರ್ಯಕ್ಕೆಂದು ರಾಮದುರ್ಗಕ್ಕೆ ಹೋದರು. ಅವರು ಹೋದ ಮರುದಿನವೇ ಸಂದಿಯಲ್ಲಿ ಹಲಗೆ ಹಾಸಿ, ಮೇಲೆ ಒದ್ದೆ ಗೋಣಿಚೀಲ ಮುಚ್ಚಿದ್ದು ಕಂಡಿತು. ಕುರ್ಚಿ ನಿಲ್ಲಿಸಿ ಕಾಲಿನಿಂದ ಹಲಗೆ ಸರಿಸಿದೆ. ಕೆಳಗೆ ಆಳದ ಗುಂಡಿ, ಒಳಗೆ ಕಬ್ಬಿಣದ ಸರಳು ಕಟ್ಟಿ ನಿಲ್ಲಿಸಿದ್ದರು. ಮುಂದೆ ಇನ್ನೊಂದು. ಎರಡೂ ದಾರದಿಂದ ಹೊರಗೆ, ಕುರ್ಚಿ ಹೋಗುವ ಜಾಗದ ನಟ್ಟನಡುವೆ.

ಮನೆ ಮುಗಿಯುವವರೆಗೆ ಇರಲು ಹಿತ್ತಲಲ್ಲಿ ಹಾಕಿಕೊಂಡಿದ್ದ ತಗಡಿನ ಶೆಡ್ಡಿನಿಂದ ಸಾವಕಾರರು ಹಲ್ಲುಜ್ಜುತ್ತ ಬಂದರು.

‘ಗ್ವಾಡಿ ದಾರದೊಳಗ ಐತಲ್ರಿ ಬಾಯಾರ. ಇವು ಬರೇ ಕಂಬ. ಮ್ಯಾಲ ಒಂದ ಖೋಲಿ ಹೊರಗ ಬರತೈತಿ.’

‘ಕುರ್ಚಿ ಹೆಂಗ ಹೋಗಬೇಕ್ರಿ?’

‘ಸ್ವಲ್ಪ ಬಾಜೂಲೆ ಒಯ್ಯರಿ.’

‘ಬಾಜೂಕ ನಮ್ಮ ಗ್ವಾಡಿ ಐತಿ. ಅದರಾಗ ಹಾಯಿಸಲೇನು?’

ಅವರು ಬಾಯಿ ಮುಕ್ಕಳಿಸಲು ಶೆಡ್ಡಿನೊಳಗೆ ಹೋದರು. ಮರುದಿನ ಕಾಂಕ್ರೀಟ್ ಹಾಕುತ್ತಾರೆಂದು ಗೌಂಡಿಯಿಂದ ತಿಳಿಯಿತು. ಮೇಲಿನ ಕೋಣೆಗೆ ಕಂಬ ಎದ್ದರೆ ಅಕ್ಕ ಮನೆಯೊಳಗೇ ಉಳಿದಂತೆ. ಪುರಸಭೆ ನೋಡುವುದು ಕಟ್ಟಿದ ಮೇಲೆ. ಒಳಗೆ ಬಂದು ರಾಮದುರ್ಗಕ್ಕೆ ಫೋನ್ ಮಾಡಿದೆ.

‘ತಂಗೆವ್ವ, ಕೆಳಗಿನ ಮನಿ ನಿಮ್ಮ ಮೊಳದ್ಲೆ ಆತು. ಮ್ಯಾಲ ಹೊರಗ ಬರೂ ಖೋಲಿ ಯಾರ ಮೊಳದ್ಲೆ ಹಿಡದೀರಿ?’

‘ಹೊರಗ ಬರೂ ಖೋಲಿ ಯಾವುದ್ರಿ ಬಾಯಾರ?’

ಮಧ್ಯಾಹ್ನದ ಬಸ್ಸಿಗೇ ಬಂದಿಳಿದರು. ಕೈಚೀಲ ಕೆಳಗಿಡದೆ ಗುಂಡಿಯ ಅಂಚಿನಲ್ಲಿ ನಿಂತು, ಗಂಡ ಅಂಗಡಿಯಿಂದ ಬರುವವರೆಗೆ ಕಾದರು.

‘ಅರ್ಧಾ ನನ್ನ ಆಯ, ಅರ್ಧಾ ನಿಮ್ಮದು! ಇಂಥಾ ಮನ್ಯಾಗ ನಾ ಕಾಲ ಇಡಂಗಿಲ್ಲ.’

‘ಖೋಲಿ ನಿನ್ನ ಸಲುವಾಗಿನ ಮಾಡಸಾಕತ್ತಿದ್ದೆ’ ಎಂದರು ಸಾವಕಾರರು.

‘ಮತ್ತ ನಾ ಊರಾಗ ಇಲ್ಲದಾಗ ಯಾಕ ಅಗಸಿದ್ರಿ?’

ಸಾವಕಾರರು ಗೌಂಡಿಯನ್ನು ಕೂಗಿದರು. ಸಂಜೆಯೊಳಗೆ ಸರಳು ಕಿತ್ತು, ಗುಂಡಿ ಮುಚ್ಚಿ, ಮಣ್ಣು ಬಡಿದು ಗಟ್ಟಿ ಮಾಡಿಸಿದರು. ಆಯವನ್ನು ನಾನು ನಂಬಿದವಳಲ್ಲ. ಯಾರು ನಂಬುತ್ತಾರೆಂದು ತಿಳಿದಿದ್ದೆ, ಅಷ್ಟೇ.

ಈಗ ಆ ಮನೆಗೆ ಚಾವಣಿಯಾಗಿದೆ, ಹೊರಗೋಡೆಗೆ ಸಿಮೆಂಟಿನ ಗಿಲಾವ ಮೆತ್ತುತ್ತಿದ್ದಾರೆ. ಆರಕ್ಕೆ ನಾವು ಸಂದಿಗೆ ಬರುವಾಗ ಸಾವಕಾರರ ಹೆಂಡತಿಯೂ ಬಂದಿರುತ್ತಾರೆ. ತಮ್ಮ ಗೋಡೆಗೆ ಮೊಣಕೈ ಒತ್ತಿ, ನಮ್ಮ ಗೋಡೆಯವರೆಗೆ ಮೊಳ ಹಾಕಿ ನೋಡುತ್ತಾರೆ. ಮೊನ್ನೆ ಕಿಟಕಿಯೊಳಗಿಂದ ಸಾವಕಾರರು, ‘ಇನ್ನೂ ನಂಬಿಕಿ ಬಂದಿಲ್ಲೇನ?’ ಎಂದರು.

‘ಗಿಲಾವ ಮುಗಿಯೂತನಕ ಇಲ್ಲ’ ಎಂದರು ಹೆಂಡತಿ. ‘ಅದರ ದಪ್ಪಾನೂ ಜಾಗಾ ತಿಂತೈತಿ.’

ಅದು ನನಗೇ ಹೊಳೆದಿರಲಿಲ್ಲ. ಕುರ್ಚಿ ನಿಲ್ಲಿಸಿ, ಒದ್ದೆ ಗಿಲಾವದ ಅಂಚನ್ನು ಬಗ್ಗಿ ನೋಡಿದೆ.

‘ನಡೀ’ ಎಂದಳು ಅಕ್ಕ. ‘ಇಬ್ಬರೂ ಗ್ವಾಡಿ ನೋಡಕೋತ ನಿಂತ್ರ ನನ್ನ ಬಿಸಿಲ ಹೋಗತೈತಿ.’

ಬ್ರೇಕ್ ತೆಗೆದೆ. ಗೆಣ್ಣು ಎಲ್ಲೂ ತಾಗಲಿಲ್ಲ.