ಟ್ರೈಫಲ್ ದೊರೆಸಾನಿ

ಮೂರು ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕಾರಣ ಕೇಳಿದರೆ ನೀವು ನಗುತ್ತೀರಿ: ಒಂದು ಇಂಗ್ಲಿಷ್ ಸಿಹಿತಿಂಡಿಯ ಹೆಸರು.

ಬಂಟ್ವಾಳದಲ್ಲಿ ನನ್ನದೊಂದು ಬೇಕರಿ ಇತ್ತು. ಹುಟ್ಟುಹಬ್ಬದ ಕೇಕಿಗೆ ಕ್ರೀಮ್ ಹಚ್ಚುವ ಮೊದಲು ಅದರ ಉಬ್ಬಿದ ತಲೆಯನ್ನು ಕೊಯ್ದು ಸಮ ಮಾಡಬೇಕು. ಆ ಚೂರುಗಳನ್ನು ನಾನು ಎಸೆಯುತ್ತಿದ್ದೆ. ದುಬೈಯ ಹೋಟೆಲಿನಲ್ಲಿ ದುಡಿದು ಬಂದ ನರಿಕೊಂಬಿನ ಹಂಝ ನಮ್ಮಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಅವನ್ನು ಅನಾನಸಿನ ಪಾಕದಲ್ಲಿ ನೆನೆಸಿ, ಮೇಲೆ ಕಸ್ಟರ್ಡ್ ಸುರಿದು, ಗಾಜಿನ ಲೋಟದಲ್ಲಿಟ್ಟು ‘ಟ್ರೈಫಲ್’ ಎಂದ.

ಇದೆಂಥ ಹೆಸರು ಎಂದು ಗಿರಾಕಿಗಳು ಕೇಳತೊಡಗಿದರು. ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಹೇಗೋ ಪಾಸಾದ ನನಗೆ ಗೊತ್ತಿಲ್ಲ ಎನ್ನಲು ನಾಚಿಕೆ. ನೆರಿಯದ ಕಡೆ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆ ಇತ್ತು, ಅಲ್ಲಿ ನನ್ನಜ್ಜ ಬಟ್ಲರ್, ದೊರೆಸಾನಿಯ ಹೆಸರು ಟ್ರೈಫಲ್, ಅವಳಿಗೆಂದೇ ಅಜ್ಜ ಕಂಡುಹಿಡಿದ ತಿಂಡಿ ಇದು ಎಂದುಬಿಟ್ಟೆ. ನನ್ನಜ್ಜ ಜೀವಮಾನದಲ್ಲಿ ಒಂದು ಲೋಟ ಕಾಫಿ ಕಾಯಿಸಿದವರಲ್ಲ. ಕಥೆ ಚೆನ್ನಾಗಿ ಓಡಿತು. ವರ್ಷ ಕಳೆದಂತೆ ದೊರೆಸಾನಿಗೆ ಮುತ್ತಿನ ಸರ ಬಂತು, ಒಂದು ನಾಯಿಯೂ ಬಂತು. ಒಳಗೆ ಕಸ್ಟರ್ಡ್ ತಿರುವುತ್ತಿದ್ದ ಹಂಝ ಎಲ್ಲವನ್ನೂ ಕೇಳುತ್ತಿದ್ದ.

ಈಗ ಮೂಡುಬಿದಿರೆಯಲ್ಲಿ ಓದುವ ಮೊಮ್ಮಗಳು ಅದೇ ಕಥೆಯನ್ನು ‘ನಮ್ಮ ಮನೆತನದ ಟ್ರೈಫಲ್’ ಎಂದು ಶಾಲೆಯ ಸಂಚಿಕೆಗೆ ಬರೆದಿದ್ದಾಳೆಂದು ಮೂರು ದಿನದ ಹಿಂದೆ ಗೊತ್ತಾಯಿತು. ಸೋಮವಾರ ಅಚ್ಚಿಗೆ ಹೋಗುತ್ತದೆ. ಅಂಗಡಿಯಲ್ಲಿ ಹೇಳಿದ್ದನ್ನು ಜನ ಮರೆತಾರು; ಅಚ್ಚಾದದ್ದನ್ನು ಹಂಝನ ಮೊಮ್ಮಕ್ಕಳೂ ಓದುತ್ತಾರೆ.

ನಿನ್ನೆ ನರಿಕೊಂಬಿಗೆ ಹೋದೆ. “ಹಂಝ, ಆ ದೊರೆಸಾನಿ ಕಥೆ...” ಎಂದೆ.

“ಯಾವುದು ಶೆಟ್ರೇ, ನಾಯಿ ಬರುವ ಮೊದಲಿನದ್ದಾ, ಆಮೇಲಿನದ್ದಾ?” ಎಂದು ನಕ್ಕ. ನಗು ನಿಂತ ಮೇಲೆ ಹೇಳಿದ: “ದೊರೆಸಾನಿ ಬಂದದ್ದು ನನಗೂ ಖುಷಿಯೇ ಮಾರಾಯ್ರೆ. ಆದರೆ ನನ್ನ ಸೌಟನ್ನು ನಿಮ್ಮ ಅಜ್ಜನ ಕೈಗೆ ಕೊಟ್ರಲ್ಲ, ಅದೊಂದು ಬೇಜಾರು ಉಂಟು.”

ಅಲ್ಲಿಂದಲೇ ಬಸ್ಸು ಹಿಡಿದು ಮೂಡುಬಿದಿರೆಗೆ ಹೋಗಿ ಮೊಮ್ಮಗಳ ಮುಂದೆ ಎಲ್ಲ ಒಪ್ಪಿಕೊಂಡೆ. ಅವಳು ಮೊಬೈಲಿನಲ್ಲಿ ‘ಟ್ರೈಫಲ್’ ಎಂದರೇನೆಂದು ಹುಡುಕಿದಳು. ಹಳೆಯ ಫ್ರೆಂಚಿನಲ್ಲಿ ಆ ಪದಕ್ಕೆ ಮೋಸ ಎಂದು ಅರ್ಥವಂತೆ. ಇಂಗ್ಲಿಷರ ಬಾಯಿಗೆ ಬಂದು ಲೆಕ್ಕಕ್ಕಿಲ್ಲದ ಸಣ್ಣ ವಸ್ತುವಾಗಿ, ಕೊನೆಗೆ ಸಿಹಿತಿಂಡಿಯಾಯಿತಂತೆ. ನಾನು ಹೋದದ್ದು ಉಲ್ಟಾ ದಾರಿ. ಸಿಹಿಯಿಂದ ಶುರುಮಾಡಿ, ಸಣ್ಣ ವಿಷಯ ಎಂದುಕೊಂಡು, ಮೋಸಕ್ಕೆ ಬಂದು ತಲುಪಿದ್ದೆ.

“ಹಾಗಾದರೆ ದೊರೆಸಾನಿಯನ್ನು ತೆಗೆಯಲಾ ಅಜ್ಜ?”

“ಅವಳನ್ನೂ ತೆಗೆ, ನನ್ನಜ್ಜನನ್ನೂ ತೆಗೆ.”

“ನಾಯಿ?” ಅವಳ ಮುಖ ಸಪ್ಪೆಯಾಯಿತು.

ನಾಯಿಯೂ ಹೋಯಿತು. ಅವಳು ಹೊಸದಾಗಿ ಬರೆದು ಓದಿದಳು: “ಟ್ರೈಫಲ್ ಮಾಡಿದವರು ನರಿಕೊಂಬಿನ ಹಂಝ ಬ್ಯಾರಿ. ನನ್ನಜ್ಜ ಮಾಡಿದ್ದು ಬರೀ ಕಥೆ.”

ಆ ಹಾಳೆ ಈಗ ನನ್ನ ಜೇಬಿನಲ್ಲಿದೆ. ಅದನ್ನು ಹಂಝನಿಗೆ ಓದಿ ಹೇಳುವವರೆಗೆ ನಾನು ಕೂರಲಾರೆ.