ಆ ತಂತಿ ಸಡಿಲಿಸಿದ್ದು ನಾನು

ಪುಟ್ಟಸ್ವಾಮಿ, ಆ ತಂತಿಯನ್ನು ಸಡಿಲಿಸಿದವನು ನಾನು. ನೀನಲ್ಲ.

ಸಡಿಲಿಸಿದ್ದಕ್ಕೆ ಪಶ್ಚಾತ್ತಾಪ ಪಡುತ್ತಿದ್ದೇನೆ ಅಂದುಕೊಳ್ಳಬೇಡ — ಇಲ್ಲ. ನನ್ನ ತಪ್ಪು ಬೇರೆಯಿದೆ. ಅದಕ್ಕೆ ಬರುತ್ತೇನೆ.

ಎಪ್ಪತ್ತರ ದಶಕದ ಆರಂಭ. ಮದ್ದೂರಿನ ಆ ಅಕ್ಕಿ ಗಿರಣಿಗೆ ಎಲೆಕ್ಟ್ರಿಷಿಯನ್ನರೆಂದರೆ ನಾವಿಬ್ಬರೇ — ಹೊಳಲಿನ ನೀನು, ಬೆಸಗರಹಳ್ಳಿಯ ನಾನು. ನೀನು ತಂಗಿಯ ಮದುವೆಗೆಂದು ರಜೆ ಹಾಕಿದ್ದ ವಾರ ಅದು ಶುರುವಾಯಿತು. ಭತ್ತ ಮೇಲೆತ್ತುವ ಯಂತ್ರ ಇದ್ದಕ್ಕಿದ್ದಂತೆ ನಿಲ್ಲುವುದು, ಯಾರೂ ಮುಟ್ಟದೆ ಮತ್ತೆ ತಾನೇ ಓಡುವುದು. ನಿಂತಿತಲ್ಲ ಎಂದು ಕೂಲಿಯ ಚಿಕ್ಕತಾಯಮ್ಮ ಬೆಲ್ಟಿಗೆ ಸಿಕ್ಕಿದ್ದ ಹುಲ್ಲು ತೆಗೆಯಲು ಕೈ ಹಾಕಿದಳು, ಓಡಿತು. ಬಳೆ ಚೂರಾಯಿತು, ಕೈ ಹೇಗೋ ಉಳಿಯಿತು.

ಮೂರು ದಿನ ಸ್ವಿಚ್ಚಿನ ಪೆಟ್ಟಿಗೆಯ ಮುಂದೆ ಕಾದು ಕೂತೆ. ದೊಡ್ಡ ಮೋಟಾರು ಚಾಲೂ ಆದಾಗಲೆಲ್ಲ ಕರೆಂಟು ಒಂದು ಕ್ಷಣ ಕುಗ್ಗುತ್ತಿತ್ತು, ಈ ಯಂತ್ರ ನಿಲ್ಲುತ್ತಿತ್ತು. ಕರೆಂಟು ಚೇತರಿಸಿಕೊಂಡರೆ ಓಡುತ್ತಿತ್ತು. ಒತ್ತುವ ಗುಂಡಿ ಇರಬೇಕಾದ ಕಡೆ ಮಾಲೀಕರು ಮನೆದೀಪದ ಸ್ವಿಚ್ಚಿನಂಥದ್ದು ಹಾಕಿಸಿದ್ದರು. ಗುಂಡಿಯಿದ್ದಿದ್ದರೆ ಮತ್ತೆ ಒತ್ತುವ ತನಕ ಯಂತ್ರ ಅಲುಗುತ್ತಿರಲಿಲ್ಲ. ಹೋಗಿ ಅವರಿಗೇ ಹೇಳಿದೆ.

"ಅದೇ ನಿಂತು ಅದೇ ಓಡ್ತದಲ್ಲಾ, ಒಳ್ಳೇದೇ ಆಯ್ತು ಬುಡು. ಒಂದೊಂದ್ಸಲಕ್ಕೂ ಗುಂಡಿ ಒತ್ತಕ್ಕೆ ಯಾರ್ಲಾ ಓಡ್ಬರೋರು?" ಎಂದರು.

ಮರುವಾರ ತಪಾಸಣೆಯ ಅಧಿಕಾರಿ ಬಂದರು. ಅವರ ಕಣ್ಣೆದುರೇ ಆಗಲಿ ಎಂದು ಕಾದೆ — ಹಾಳು ಕರೆಂಟು, ಅವತ್ತೇ ಗಟ್ಟಿಯಾಗಿತ್ತು! ರಜೆ ಮುಗಿಸಿ ಬಂದ ನೀನು ಬೆಳಿಗ್ಗೆಯೇ ಪೆಟ್ಟಿಗೆಯ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿ ಟೀ ಕುಡಿಯಲು ಹೋಗಿದ್ದೆ. ನಾನು ಹೆಂಗಸರನ್ನು ದೂರ ಕಳಿಸಿ, ಮೇನ್ ಆಫ್ ಮಾಡಿ, ತಂತಿ ಹಿಡಿದಿದ್ದ ಒಂದು ಸ್ಕ್ರೂ ಸಡಿಲಿಸಿ ಮತ್ತೆ ಚಾಲೂ ಮಾಡಿದೆ. ಅದುರಿಕೆಗೆ ತಂತಿ ಬಿಟ್ಟಿತು, ಮತ್ತೆ ತಾಗಿತು. ನಿಂತ ಯಂತ್ರ ಅಧಿಕಾರಿಯ ಮುಂದೆ ಧಡಕ್ಕನೆ ಓಡಿತು. ಗುಂಡಿ ಹಾಕಿಸುವ ತನಕ ಗಿರಣಿ ನಡೆಸಕೂಡದೆಂದು ಅಲ್ಲೇ ಬರೆದುಕೊಟ್ಟರು. ಗೆದ್ದೆ ಅಂದುಕೊಂಡೆ.

ಆದರೆ ಅವರು ಪೆಟ್ಟಿಗೆ ತೆರೆಸಿದ್ದರು. ಸಡಿಲ ತಂತಿ ಕಂಡಿತ್ತು.

"ಇವತ್ತು ಇದನ್ನ ಮುಟ್ಟಿದ್ದು ಯಾರು?"

ಮಾಲೀಕರು ಟೀ ಕುಡಿದು ಆಗಷ್ಟೇ ಬಂದ ನಿನ್ನತ್ತ ಕೈ ತೋರಿಸಿದರು. ಅವತ್ತೇ ನಿನ್ನನ್ನು ಕೆಲಸದಿಂದ ತೆಗೆದರು. ನಾನು — ಸ್ಕ್ರೂಡ್ರೈವರ್ ನನ್ನ ಜೇಬಿನಲ್ಲೇ ಇತ್ತು — ಬಾಯಿ ಬಿಡಲಿಲ್ಲ.

ವರ್ಷದ ಮೇಲೆ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ನೀನು ಸಿಕ್ಕಿದೆ. ನೀನಾಗ ಮಳವಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದೆ; 'ಲೂಸ್ ವೈರ್ ಪುಟ್ಟಸ್ವಾಮಿ' ಎಂಬ ಹೆಸರು ಅಲ್ಲಿಗೂ ಬಂದಿತ್ತು. ನೀನು ನನ್ನ ತೋಳು ಹಿಡಿದುಕೊಂಡೆ.

"ನಾನು ಬಿಗಿ ಮಾಡಿದ್ದೆ ಕಣ್ಲಾ. ಮಾಡಿದ್ನೋ ಇಲ್ವೋ... ಈಗೀಗ ನಂಗೇ ಅನುಮಾನ. ನೀನು ನೋಡಿದ್ದೆ ಅಲ್ವಾ?"

"ಮರ್ತಿರ್ತೀಯ ಬುಡ್ಲಾ," ಅಂದೆ ನಾನು.

ಇದು ನನ್ನ ತಪ್ಪು. ನಿನ್ನ ಕೆಲಸ ಹೋಗಿದ್ದಕ್ಕಿಂತ ದೊಡ್ಡದು — ನಿನ್ನ ಕೈಯ ಮೇಲೆ ನಿನಗೇ ನಂಬಿಕೆ ಇಲ್ಲದಂತೆ ಮಾಡಿದೆ. ಈಗಲೂ ಒಂದೊಂದು ಸ್ಕ್ರೂವನ್ನು ಮೂರು ಮೂರು ಸಲ ತಿರುವಿ ನೋಡುತ್ತೀಯಂತೆ.

ಆ ಗಿರಣಿಯಲ್ಲಿ ನನ್ನನ್ನು ಇವತ್ತು ನಿಲ್ಲಿಸಿದರೂ ಆ ತಂತಿಯನ್ನು ಸಡಿಲಿಸುತ್ತೇನೆ. ಆದರೆ ನಾನೇ ಸಡಿಲಿಸಿದೆ ಎಂದು ಎಲ್ಲರ ಮುಂದೆ ಕೂಗಿ ಹೇಳುತ್ತೇನೆ. ಅವತ್ತು ಹೇಳದೇ ಹೋದದ್ದು ಹೆದರಿಕೆಯಿಂದ. ಅದಕ್ಕೆ ಬೇರೆ ಹೆಸರಿಡುವುದಿಲ್ಲ.

ಭಾನುವಾರ ಮಳವಳ್ಳಿಗೆ ಬರುತ್ತೇನೆ. ಒಳಗೆ ಕರೆಯಬೇಡ. ಅಂಗಡಿಯಲ್ಲಿ ಜನ ತುಂಬಿರುವ ಹೊತ್ತು ನೋಡಿ, ಬಾಗಿಲಲ್ಲೇ ನಿಂತು ಹೇಳುತ್ತೇನೆ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ.