ರಾಶಿ ಮುಗಿಯುವತನಕ

ಮೊಮ್ಮಗಳು ಕೆಲಸ ಮಾಡಿದಳು, ನಾನು ನಿದ್ದೆ ಮಾಡಿದೆ. ನಡೆದದ್ದು ಇಷ್ಟೇ. ಅಜ್ಜಿ ಹೇಳಿಕೊಟ್ಟಳು ಎಂದು ಆಕೆ ಊರ ತುಂಬ ಹೇಳಿಕೊಂಡು ಬಂದಿದ್ದಾಳೆ. ನಮ್ಮೂರು ಮಲ್ಲಟದಲ್ಲಿ ನೀರು ತರಲು ಹೋದರೂ ಜನ ಅದನ್ನೇ ಕೇಳಿ ನಗುತ್ತಾರೆ. ಮೂರನೆಯ ತರಗತಿಗೆ ಶಾಲೆ ಬಿಟ್ಟವಳು ನಾನು, ಕಂಪ್ಯೂಟರಿಗೆ ಏನು ಹೇಳಿಕೊಡಲಿ?

ನಾನು ರಾಯಚೂರಿಗೆ ಹೋದದ್ದು ಆಕೆಯನ್ನು ಕರೆತರಲು. ನನ್ನ ಮಗ, ಅಂದರೆ ಆಕೆಯ ಅಪ್ಪ, ಕಳಿಸಿದ್ದ. ಆಕೆಗೆ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ, ಇನ್ನೂ ಕಾಯಂ ಆಗಿರಲಿಲ್ಲ. ಆ ಕಾಲೇಜಿಗೆ ದೇವದುರ್ಗ, ಮಾನ್ವಿಯಲ್ಲೂ ಶಾಖೆಗಳಿವೆ. ಹೊಸದಾಗಿ ಸೇರಿದ ಅಷ್ಟೂ ಮಕ್ಕಳ ಖಾತೆಗಳನ್ನು ಸೋಮವಾರ ಬೆಳಗಾಗುವುದರೊಳಗೆ ಡೈರೆಕ್ಟರಿ ಸರ್ವರ್ ಎಂಬ ಯಂತ್ರದೊಳಗೆ ತುಂಬಬೇಕಿತ್ತು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಮೂರೂ ಊರಿನ ಕಂಪ್ಯೂಟರುಗಳು ಅದನ್ನೇ ಕೇಳುತ್ತವಂತೆ. ಅದರಲ್ಲಿ ಹೆಸರಿಲ್ಲದ ಮಗು ಸುಮ್ಮನೆ ಪರದೆ ನೋಡುತ್ತ ಕೂರಬೇಕು. ಹಾಗೇನಾದರೂ ಆದರೆ ನಾಳೆಯಿಂದ ಬರಬೇಡ ಎಂದು ಆಕೆಯ ಮೇಲಿನವರು ಹೇಳಿಬಿಟ್ಟಿದ್ದರು. ಮಗನಿಗೂ ಅದೇ ಬೇಕಿತ್ತು. ಮಗಳು ಬಂದು ತನ್ನ ಕಿರಾಣಿ ಅಂಗಡಿಯ ಗಲ್ಲಾದ ಮುಂದೆ ಕೂರಲಿ ಎಂಬುದು ಅವನ ಲೆಕ್ಕ. ಆಕೆ ಮಾತ್ರ ಅಂಗಡಿ ಎಂದರೆ ಮುಖ ತಿರುಗಿಸುತ್ತಿದ್ದಳು.

ಭಾನುವಾರ ಮಧ್ಯಾಹ್ನ ಆಕೆಯ ಜೊತೆ ನಾನೂ ಕಾಲೇಜಿಗೆ ಹೋದೆ. ಹೊರಗೆ ಬಿಸಿಲು ನೆಲಕ್ಕೆ ಅಂಟಿಕೊಂಡಿತ್ತು. ಯಂತ್ರದ ಕೋಣೆಯೊಳಗೆ ಕಾಲಿಟ್ಟರೆ ಬಾವಿಯೊಳಗೆ ಇಳಿದಷ್ಟು ತಂಪು. ಕಪ್ಪು ಕಪಾಟಿನೊಳಗೆ ಸಣ್ಣ ಹಸಿರು ದೀಪಗಳು ಮಿಣುಕುತ್ತಿದ್ದವು. ಜೇನುಹುಳುಗಳಂತೆ ಗುಂಯ್ ಎನ್ನುವ ಸದ್ದು. ರೊಟ್ಟಿ ತಿಂದು ಸೆರಗು ಹಾಸಿ ಮಲಗಿದೆ. ಪರದೆಯ ಮೇಲೆ ಹೆಸರುಗಳು ಒಂದೊಂದೇ ಮೇಲಕ್ಕೆ ತೇಲಿಹೋಗುತ್ತಿದ್ದವು, ತೀರ ನಿಧಾನ.

“ಯವ್ವಾ, ಇದು ಹಿಂಗಾ ನಡದ್ರ ದೀಪಾವಳಿಗೆ ಮುಗೀತದ ನೋಡು,” ಎಂದಳು ಮೊಮ್ಮಗಳು.

“ಯಾಕ, ಅದಕ್ಕೇನು ಕಾಲ್ನೋವಾ?”

“ಒಂದೊಂದ್ ಹೆಸರು ಹೊಕ್ಕಾಗೂ ಹೆಸರಿನ ಸಾಲು, ಊರಿನ ಸಾಲು, ಕ್ಲಾಸಿನ ಸಾಲು ಎಲ್ಲಾ ಮತ್ತ ಹೊಂದಿಸ್ತದ. ಅದರ ಮ್ಯಾಲ ನಾನು, ಒಟ್ಟು ಎಷ್ಟಾದ್ವು ಅಂತ ಪ್ರತಿ ಸಲ ಎಣಿಸಾಕ ಹಚ್ಚೀನಿ.”

“ನೀ ಯಾಕ ಹಚ್ಚಿದಿ?”

“ಹಿಂದಿನ ಸಲ ದೇವದುರ್ಗದ ಹುಡುಗ್ಯಾರ ಹೆಸರು ಬಿಟ್ಟು ಹೋಗಿದ್ವು. ಹೊಟ್ಟಿ ತುಂಬ ಬೈಸಿಕೊಂಡೀನಿ.” ಮತ್ತೆ ಪರದೆ ನೋಡಿ ಹೇಳಿದಳು, “ಈ ಹೊಂದಿಸೂದು, ಎಣಿಸೂದು ಎಲ್ಲಾ ಬಂದ್ ಮಾಡಿ, ಒಮ್ಮೆಲೆ ತುಂಬಿ, ಕಡೀಗೆ ಒಮ್ಮೆ ಹೊಂದಿಸಿ ಎಣಿಸಬೌದು. ಪುಸ್ತಕದಾಗ ಹಂಗಾ ಅದ. ಆದ್ರ ನಡುವ ಕರೆಂಟ್ ಹೋತಂದ್ರ ಹೊಕ್ಕಿದ್ದೂ ಕೆಡ್ತದ.”

“ಕರೆಂಟ್ ಹುಟ್ಟೂ ಊರಾಗ ಕುಂತು ಕರೆಂಟಿಗೆ ಅಂಜತೀಯಲ್ಲ!”

“ಇಲ್ಲೇ ಹುಟ್ಟತದ, ಇಲ್ಲಿಂದಾನೇ ಓಡಿಹೋಗ್ತದ ಯವ್ವಾ.”

ನಕ್ಕೆ. ನಗುತ್ತಲೇ ಕಣ್ಣು ಮುಚ್ಚಿತು.

ನಿದ್ದೆಯಲ್ಲಿ ನಮ್ಮ ಕಣ ಕಂಡಿತು. ಬೆಳದಿಂಗಳೋ ಬಿಸಿಲೋ ತಿಳಿಯದ ಒಂದು ಬೆಳಕು. ಬಿಳಿಜೋಳದ ರಾಶಿಯ ಮುಂದೆ ನನ್ನ ಗಂಡ ಮೊಣಕಾಲೂರಿ ಕೂತು ಅಳೆಯುತ್ತಿದ್ದ. ಸತ್ತು ವರ್ಷಗಳಾದರೂ ತಲೆಯ ರುಮಾಲು ಮಾಸಿರಲಿಲ್ಲ. ಅಳತೆಯಿಂದ ಸುರಿಯುತ್ತಿದ್ದದ್ದು ಜೋಳವಲ್ಲ, ಮಕ್ಕಳು. ಕುರ್ಡಿ, ಜಾಲಹಳ್ಳಿ, ಹೀಗೆ ಸುತ್ತಲ ಹಳ್ಳಿಗಳವು, ಬೆನ್ನಿಗೆ ಪುಸ್ತಕದ ಚೀಲ ಹಾಕಿಕೊಂಡು ಮೆಲ್ಲಗೆ ಜೋಳದ ಚೀಲದೊಳಗೆ ಜಾರುತ್ತಿದ್ದವು. ನಮ್ಮಲ್ಲಿ ರಾಶಿ ಅಳೆಯುವಾಗ ಕಣದಲ್ಲಿ ಮಾತಿಲ್ಲ. ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುತ್ತೇವೆ. ಎಷ್ಟಾಯಿತು ಎಂದು ನಡುವೆ ಕೇಳುವಂತಿಲ್ಲ, ಕೇಳಿದರೆ ರಾಶಿ ಹುಲುಸಾಗುವುದಿಲ್ಲ ಎಂಬ ನಂಬಿಕೆ. ಕನಸಿನಲ್ಲಿ ಯಾರೋ ಪ್ರತಿ ಅಳತೆಗೂ ಎಷ್ಟಾತು, ಎಷ್ಟಾತು ಎನ್ನುತ್ತಿದ್ದರು. ನನ್ನ ಗಂಡ ಪ್ರತಿ ಸಲವೂ ಸುರಿದದ್ದನ್ನೆಲ್ಲ ರಾಶಿಗೆ ಚೆಲ್ಲಿ ಮತ್ತೆ ಲಾಭದಿಂದ ಶುರು ಮಾಡುತ್ತಿದ್ದ.

“ಬಾಯಿ ಮುಚ್ಚರಲೇ! ರಾಶಿ ಮುಗಿಯೂತನಕ ಎಷ್ಟಾತು ಅನಬಾರದು!” ಎಂದು ಕೂಗಿಬಿಟ್ಟೆನಂತೆ.

ಎಚ್ಚರವಾದಾಗ ಮೊಮ್ಮಗಳು ಕುರ್ಚಿ ತಿರುಗಿಸಿ ನನ್ನನ್ನೇ ನೋಡುತ್ತಿದ್ದಳು.

“ಯಾರಿಗೆ ಬೈಯಾಕತ್ತೀಯವ್ವಾ? ನನಗಾ?”

“ನಿನ್ನ ಗೊಡವಿ ನನಗ್ಯಾಕ? ನಿಮ್ಮ ಅಜ್ಜನ ಕಣದಾಗಿದ್ದೆ.”

“ಸಣ್ಣಾಕಿದ್ದಾಗ ಇದನ್ನಾ ಕೇಳಿ ಅಜ್ಜನ ಕೈಲೆ ಬೈಸಿಕೊಂಡಿದ್ದೆ,” ಎಂದು ನಕ್ಕಳು. ಆಮೇಲೆ ಪರದೆಯ ಕಡೆ ತಿರುಗಿ ಯಂತ್ರವನ್ನು ನಿಲ್ಲಿಸಿದಳು, ಏನೇನೋ ಒತ್ತಿದಳು, ಮತ್ತೆ ಓಡಿಸಿದಳು. ದಾರಿ ಆಕೆಗೆ ಮೊದಲೇ ಗೊತ್ತಿತ್ತು, ಅಂಜಿಕೆ ಬಿಡಬೇಕಿತ್ತು. ನನ್ನ ಬೈಗುಳಕ್ಕೆ ಬಿಟ್ಟಿತೋ, ಕೂತು ಕೂತು ಸಾಕಾಗಿ ಬಿಟ್ಟಿತೋ, ನಾನು ಹೇಳಲಾರೆ.

ಪರದೆಯ ಮೇಲೆ ಈಗ ಹೆಸರುಗಳಿರಲಿಲ್ಲ. ಕಪಾಟಿನ ಹಸಿರು ದೀಪಗಳು ಮಾತ್ರ ಗಾಳಿಗೆ ಸಿಕ್ಕ ಎಲೆಗಳಂತೆ ಅಲುಗಿದವು. ಎಷ್ಟಾಯಿತು ಎಂದು ಇಬ್ಬರೂ ಕೇಳಲಿಲ್ಲ. ಕೋಣೆಯ ದೀಪ ಒಮ್ಮೆ ಮಂಕಾಯಿತು, ಆಕೆ ನನ್ನ ಕೈ ಹಿಡಿದಳು, ಮತ್ತೆ ಬೆಳಗಿತು. ಚಹಾ ಕುಡಿಯುವ ಹೊತ್ತಿಗೆಲ್ಲ ತುಂಬುವುದು ಮುಗಿದಿತ್ತು. ಸಾಲುಗಳನ್ನು ಒಮ್ಮೆ ಹೊಂದಿಸಿದಳು, ಒಮ್ಮೆ ಎಣಿಸಿದಳು. ಒಂದೂ ಬಿಟ್ಟಿರಲಿಲ್ಲ. ಆದರೂ ದೇವದುರ್ಗದ ಹಾಸ್ಟೆಲ್ಲಿಗೆ ಫೋನ್ ಮಾಡಿ, ಅಲ್ಲಿನ ಕಂಪ್ಯೂಟರಿನಲ್ಲಿ ಹೊಸ ಹುಡುಗಿಯೊಬ್ಬಳನ್ನು ಕೂರಿಸಿ ಖಾತೆ ತೆರೆಯುತ್ತದೋ ನೋಡಲು ಹೇಳಿದಳು.

“ತೆರೀತ್ರೀ ಮೇಡಂ!” ಎಂದಿತು ಆ ಕಡೆಯ ದನಿ. ಮಾನ್ವಿಯಿಂದಲೂ ಅದೇ ಮಾತು. ಆಮೇಲೆ ಆಕೆ ಅತ್ತಳು. ನಾನು ನೀರು ಕೊಟ್ಟೆ.

ಸಂಜೆ ಮಗನ ಫೋನು ಬಂತು. “ಇಬ್ಬರೂ ಯಾವಾಗ ಬರ್ತೀರಿ?”

“ಅಕಿ ಬರಂಗಿಲ್ಲ. ಅಕಿಗೆ ಕೆಲಸ ಅದ. ಗಲ್ಲಾದ ಮುಂದ ನೀನಾ ಕೂಡು,” ಎಂದು ಇಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಆಕೆ ಕಾಲೇಜಿಗೆ ಹೋದ ಮೇಲೆ ಆಕೆಯ ಬಾಡಿಗೆ ಕೋಣೆಗೆ ಕೀಲಿ ಹಾಕಿ, ಕೀಲಿಕೈಯನ್ನು ಮನೆಯೊಡತಿಗೆ ಕೊಟ್ಟು, ಊರಿಗೆ ಹೊರಟು ಮಾನ್ವಿ ಬಸ್ಸು ಹತ್ತಿ ಕಿಟಕಿಯ ಕಡೆ ಕೂತೆ. ಆಕೆ ಕೂರಬೇಕಿದ್ದ ಪಕ್ಕದ ಸೀಟಿನ ಮೇಲೆ ನನ್ನ ಚೀಲ ಇಟ್ಟುಕೊಂಡೆ.